ಮರುತುಂಬಿದ ತೋಟಾದ ಬಾಯಿಯಲ್ಲಿ ತೂತು ಉಳಿಯುವ ಸಮಸ್ಯೆ

12 ಗೇಜಿನ (ನಳಿಕೆಯ ಅಳತೆ) ವಿಂಚೆಸ್ಟರ್ ಎಎ ಚರೆ ತೋಟಾಗಳನ್ನು ಮರುತುಂಬುವಾಗ ಬಾಯಿ ಮುಚ್ಚುವ ಮಡಿಕೆಗಳು ಅಡ್ಡಾದಿಡ್ಡಿಯಾಗಿ ನಡುವೆ ತೂತು ಉಳಿಯುತ್ತಿದೆ ಎಂದಿದ್ದೀರಿ. ತೋಟಾ ಮರುತುಂಬುವ ಪ್ರೆಸ್‌ನಲ್ಲಿ ಆರು ಮಡಿಕೆಯ ಕ್ರಿಂಪ್ ಸ್ಟಾರ್ಟರ್ (ಬಾಯಿಯನ್ನು ಮಡಿಸಲು ಶುರುಮಾಡುವ ಭಾಗ) ಇರುವುದೇ ಇದಕ್ಕೆ ಬಹುಮಟ್ಟಿಗೆ ಕಾರಣವಾಗಿರಬೇಕು. ಎಎ ಕೊಳವೆಗಳಿಗೆ (ತೋಟಾದ ಪ್ಲಾಸ್ಟಿಕ್ ಹೊರಕವಚ) ಕಾರ್ಖಾನೆಯಲ್ಲೇ ಎಂಟು ಮಡಿಕೆ ಬಿದ್ದಿರುತ್ತದೆ, ಮತ್ತು ಪ್ಲಾಸ್ಟಿಕ್ ತನ್ನ ಹಳೆಯ ಗೆರೆಯನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಮೊದಲು ಖಾಲಿ ಕೊಳವೆಯ ಗೆರೆಗಳನ್ನೂ ಸ್ಟಾರ್ಟರಿನ ಹಲ್ಲುಗಳನ್ನೂ ಎಣಿಸಿ, ಹೊಂದದಿದ್ದರೆ ಎಂಟರದ್ದನ್ನು ಹಾಕಿ.

ಆಮೇಲೂ ತೂತು ಉಳಿದರೆ ಸ್ಟಾರ್ಟರನ್ನು ತುಸು ಕೆಳಗಿಳಿಸಿ. ಮಡಿಕೆಗಳು ಸುಳಿಯಂತೆ ತಿರುಚಿಕೊಂಡರೆ ತುಸು ಮೇಲೆತ್ತಿ. ಒಮ್ಮೆಗೆ ಒಂದನ್ನೇ ಬದಲಿಸಿ, ಪ್ರತಿ ಸಲವೂ ಒಂದು ತೋಟಾ ಮಾಡಿ ನೋಡಿ. ಅದು ಸರಿಯಾದ ಮೇಲಷ್ಟೇ ಕೊನೆಯ ಕ್ರಿಂಪ್ ಡೈಯನ್ನು (ಮಡಿಕೆಯನ್ನು ಪೂರ್ತಿ ಮುಚ್ಚುವ ಅಚ್ಚು) ಹೊಂದಿಸಿ: ಮಡಿಕೆ ಅಂಚಿನಿಂದ ಸುಮಾರು 1/16 ಅಂಗುಲ ಒಳಗಿದ್ದರೆ ಸಾಕು.

ಇಷ್ಟಾದರೂ ತೂತು ಮುಚ್ಚದಿದ್ದರೆ ತಪ್ಪು ಡೈಯಲ್ಲಿಲ್ಲ. ವ್ಯಾಡ್ (ಮದ್ದಿಗೂ ಚರೆಗೂ ನಡುವಿನ ಬಿರಡೆ) ಮತ್ತು ಚರೆಯ ಒಟ್ಟು ಎತ್ತರ ಹೆಚ್ಚಾಗಿರಬಹುದು. ಆಗ ಸಿಡಿಮದ್ದಿನ ಅಳತೆಯನ್ನು ದಯವಿಟ್ಟು ಮುಟ್ಟಬೇಡಿ. ವ್ಯಾಡ್ ಬದಲಾದರೂ ಒತ್ತಡ ಬದಲಾಗುತ್ತದೆಯಾದ್ದರಿಂದ, ಅದೇ ಕೊಳವೆ, ಅದೇ ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ ಭಾಗ), ಅದೇ ಮದ್ದಿಗೆಂದು ಮದ್ದಿನ ತಯಾರಕರು ಪರೀಕ್ಷಿಸಿ ಪ್ರಕಟಿಸಿದ ಪಟ್ಟಿಯಲ್ಲಿರುವ ವ್ಯಾಡನ್ನೇ, ಅಲ್ಲಿರುವ ಅಳತೆಯಲ್ಲೇ ಬಳಸಿ. ಬಾಯಿಯಂಚು ಸೀಳಿರುವ ಕೊಳವೆಗಳನ್ನು ಎಸೆದುಬಿಡಿ.