ತೊಡೆಸಂದಿನ ಉಬ್ಬು: ಬೆಲ್ಟ್ ಸಾಕೇ, ಬಲೆ ಬೇಕೇ?

ಪ್ರಶ್ನೆ: ನನಗೆ 52 ವರ್ಷ, ಅಡಿಕೆ ಮಂಡಿಯಲ್ಲಿ ಹಮಾಲಿ ಕೆಲಸ. ಬಲಗಡೆ ತೊಡೆಸಂದಿನಲ್ಲಿ ನಿಂಬೆಹಣ್ಣಿನಷ್ಟು ಗಂಟಿದೆ. ಕೆಮ್ಮಿದರೆ ಉಬ್ಬುತ್ತದೆ, ಮಲಗಿದರೆ ಮಾಯ. ನೋವಿಲ್ಲ. ಹರ್ನಿಯಾ, ಆಪರೇಷನ್ ಮಾಡಿ ಬಲೆ ಇಡಬೇಕು ಎಂದಿದ್ದಾರೆ. ಬೆಲ್ಟ್ ಕಟ್ಟಿಕೊಂಡರೆ ಸಾಲದೇ?
– ಓದುಗರೊಬ್ಬರು, ಶಿವಮೊಗ್ಗ ಜಿಲ್ಲೆ

ಉತ್ತರ: ಸಾಲದು. ಬೆಲ್ಟ್ ಉಬ್ಬನ್ನು ಅದುಮಿ ಹಿಡಿಯುತ್ತದೆಯೇ ಹೊರತು, ಹೊಟ್ಟೆಯ ಗೋಡೆಯಲ್ಲಿ ಕರುಳು ಹೊರನುಗ್ಗುವ ತೂತನ್ನು ಮುಚ್ಚುವುದಿಲ್ಲ.

ಗಂಡುಮಗು ಗರ್ಭದಲ್ಲಿದ್ದಾಗ ಬೀಜಗಳು ಹೊಟ್ಟೆಯೊಳಗಿರುತ್ತವೆ. ಆಮೇಲೆ ಹೊಟ್ಟೆಯ ಗೋಡೆ ತೂರಿ ಚೀಲಕ್ಕೆ ಇಳಿಯುತ್ತವೆ. ಆ ದಾರಿಯೇ ಇಂಗ್ವೈನಲ್ ಕಾಲುವೆ. ಉದ್ದ ಸುಮಾರು 4 ಸೆಂ.ಮೀ., ತೊಡೆಸಂದಿನ ಗೆರೆಯ ಮೇಲೆ ಓರೆಯಾಗಿ ಸಾಗುತ್ತದೆ. ಬೀಜದ ರಕ್ತನಾಳ, ವೀರ್ಯನಾಳ ಇದರಲ್ಲೇ ಹಾಯುವುದರಿಂದ ಗಂಡಸರಲ್ಲಿ ಇದನ್ನು ಪೂರ್ತಿ ಮುಚ್ಚುವಂತಿಲ್ಲ, ತೊಂದರೆಯ ಮೂಲವೇ ಅದು. ಕರುಳು ಕಾಲುವೆಯ ಒಳಬಾಯಿಂದ ನುಗ್ಗಿದರೆ ಇನ್‌ಡೈರೆಕ್ಟ್ ಹರ್ನಿಯಾ, ಸವೆದ ಹಿಂಗೋಡೆಯನ್ನೇ ತಳ್ಳಿಕೊಂಡು ಬಂದರೆ ಡೈರೆಕ್ಟ್. ಇವೆರಡರ ನಡುವೆ ಇನ್‌ಫೀರಿಯರ್ ಎಪಿಗ್ಯಾಸ್ಟ್ರಿಕ್ ಎಂಬ ರಕ್ತನಾಳ ಗಡಿಕಲ್ಲಿನಂತೆ ನಿಂತಿರುತ್ತದೆ.

ಬಲೆ ಯಾಕೆ? 1880ರ ದಶಕದಲ್ಲಿ ಇಟಲಿಯ ಸರ್ಜನ್ ಬಾಸ್ಸೀನಿ ಮೇಲಿನ ಸ್ನಾಯುವನ್ನು ಕೆಳಗಿನ ಲಿಗಮೆಂಟಿಗೆ (ಗಟ್ಟಿ ನಾರುಪಟ್ಟಿಗೆ) ಎಳೆದು ಹೊಲಿಯುವ ಕ್ರಮ ತೋರಿಸಿದ. ಬಿಗಿಯಾದ ಅಂಗಿಗೆ ಗುಂಡಿ ಹಾಕಿದ ಹಾಗೆ ಅದು; ಕೆಮ್ಮಿದಾಗಲೆಲ್ಲ ಹೊಲಿಗೆ ಮಾಂಸವನ್ನು ಕೊಯ್ಯುತ್ತದೆ. ಅಮೆರಿಕದ ಲಿಕ್ಟನ್‌ಸ್ಟೈನ್ 1980ರ ದಶಕದಲ್ಲಿ ಎಳೆಯದೆಯೇ ತೇಪೆ ಹಾಕುವ ವಿಧಾನ ತಂದರು. ಸುಮಾರು 7.5 × 15 ಸೆಂ.ಮೀ. ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಬಲೆ, ನೋಡಲು ಸೊಳ್ಳೆಪರದೆಯ ತುಂಡಿನಂತೆ. ಒಂದು ತುದಿಯನ್ನು ಸೀಳಿ ಬೀಜದ ನಾಳಗಳ ಸುತ್ತ ಕೂರಿಸುತ್ತಾರೆ. ವಾರಗಳಲ್ಲಿ ಅದರ ಕಣ್ಣುಗಳೊಳಗೆ ನಿಮ್ಮದೇ ನಾರು ಬೆಳೆದು ಗಟ್ಟಿಯಾಗುತ್ತದೆ. ಬಲೆ ಪ್ಯೂಬಿಕ್ ಮೂಳೆಯ (ಜನನಾಂಗದ ಮೇಲ್ಗಡೆಯ ಮೂಳೆ) ಗುಬ್ಬಿಯಿಂದ 2 ಸೆಂ.ಮೀ. ಆಚೆಗೂ ಹಾಸಿರಬೇಕು. ಅಲ್ಲಿ ಗಿಡ್ಡವಾದರೆ ಹರ್ನಿಯಾ ಮರಳುವುದೂ ಅಲ್ಲಿಂದಲೇ. ಕಾಲುವೆಯ ಆಸುಪಾಸಿನ ಮೂರು ಸಣ್ಣ ನರಗಳಲ್ಲಿ ಒಂದು ಹೊಲಿಗೆಗೆ ಸಿಕ್ಕಿದರೂ ತಿಂಗಳುಗಟ್ಟಲೆ ಉರಿ.

ಈ ಆಪರೇಷನ್ನನ್ನು ಆ ಜಾಗವನ್ನಷ್ಟೇ ಮರಗಟ್ಟಿಸಿಯೂ ಮಾಡಬಹುದು. ಸಣ್ಣ ತೂತುಗಳಿಂದ ಕ್ಯಾಮೆರಾ ತೂರಿಸಿ ಮಾಡುವ ಲ್ಯಾಪರೋಸ್ಕೋಪಿಗೆ ಸಾಮಾನ್ಯವಾಗಿ ಪೂರ್ತಿ ಅರಿವಳಿಕೆ ಬೇಕು. ಎರಡೂ ಕಡೆ ಹರ್ನಿಯಾ ಇದ್ದರೆ ಅಥವಾ ಹೊರಗಿನಿಂದ ಮಾಡಿದ್ದು ಮರಳಿ ಬಂದಿದ್ದರೆ ಅದೇ ಮೇಲು.

ನೋವಿಲ್ಲದ ಗಂಡಸರು ಕಾದು ನೋಡುವುದುಂಟು. ಆದರೆ ದಿನವಿಡೀ ಮೂಟೆ ಹೊರುವ ನೀವು ಕಾಯದಿರುವುದೇ ಲೇಸು. ಆಪರೇಷನ್ನಿಗೆ ಮೊದಲು ಕೆಮ್ಮು, ಮಲಬದ್ಧತೆ, ಮೂತ್ರಕ್ಕೆ ತಿಣುಕುವುದು ಇದ್ದರೆ ವಾಸಿ ಮಾಡಿಸಿಕೊಳ್ಳಿ, ಬೀಡಿ ಬಿಡಿ. ಆಪರೇಷನ್ ಆದ ದಿನವೇ ಓಡಾಡಬಹುದು. ಮೂಟೆಗೆ ಮಾತ್ರ 4ರಿಂದ 6 ವಾರ ರಜೆ. ಆಪರೇಷನ್ನಿಗೆ ಮೊದಲೇ ಗಂಟು ಕಲ್ಲಿನಂತಾಗಿ ಒಳಗೆ ಹೋಗದೆ, ನೋವು, ವಾಂತಿ ಶುರುವಾದರೆ ಬಲವಂತವಾಗಿ ಒತ್ತಬೇಡಿ. ಕರುಳಿಗೆ ರಕ್ತ ಹರಿಯುವುದು ನಿಂತಿರಬಹುದು. ಏನೂ ತಿನ್ನದೆ, ಕುಡಿಯದೆ, ತುರ್ತು ಆಪರೇಷನ್ ಆಗುವ ಆಸ್ಪತ್ರೆಗೆ ಕೂಡಲೇ ಹೋಗಿ.

ಪ್ರಶ್ನೆ: ನಮ್ಮ 5 ತಿಂಗಳ ಗಂಡುಮಗುವಿಗೂ ತೊಡೆಸಂದಿನಲ್ಲಿ ಹರ್ನಿಯಾ ಇದೆ. ಇಷ್ಟು ಚಿಕ್ಕವನಿಗೂ ಬಲೆಯೇ?
– ತಾಯಿ, ಹಾಸನ

ಉತ್ತರ: ಬೇಡಮ್ಮ. ಮಗುವಿನ ಗೋಡೆ ಸವೆದಿರುವುದಿಲ್ಲ, ಬೀಜ ಇಳಿದ ದಾರಿಯ ಚೀಲ ಮುಚ್ಚದೆ ಉಳಿದಿರುತ್ತದೆ, ಅಷ್ಟೇ. ಆಪರೇಷನ್ ಮಾಡಿ ಅದರ ಕತ್ತನ್ನು ಕಟ್ಟಿದರೆ ಮುಗಿಯಿತು. ಆದರೆ ದೊಡ್ಡವನಾಗಲಿ ಎಂದು ಕಾಯಬೇಡಿ. ಹಸುಗೂಸುಗಳಲ್ಲೇ ಕರುಳು ಸಿಕ್ಕಿಹಾಕಿಕೊಳ್ಳುವುದು ಹೆಚ್ಚು. ಹೊಕ್ಕುಳಿನ ಉಬ್ಬಿನ ವಿಷಯ ಬೇರೆ, ಅದು ಬಹುಪಾಲು ತಾನಾಗಿಯೇ ಮುಚ್ಚಿಕೊಳ್ಳುತ್ತದೆ, ಮೇಲೆ ನಾಣ್ಯ ಕಟ್ಟುವ ಅಗತ್ಯವಿಲ್ಲ.