ವಿಡಿಯೊ ಅರ್ಧಕ್ಕೆ ನಿಲ್ಲಿಸಿ ನೋಡಿ, ಟೀಚರೇ

ಮಲ್ಪೆ ಬಳಿಯ ಸರಕಾರಿ ಶಾಲೆಯ ಅಧ್ಯಾಪಕಿಯೊಬ್ಬರು ಬರೆದಿದ್ದಾರೆ: "ಹಳೆ ವಿದ್ಯಾರ್ಥಿಗಳು ಕೊಟ್ಟ ಸ್ಮಾರ್ಟ್ ಟಿವಿಯಲ್ಲಿ ವಿಡಿಯೊ ಹಾಕಿದರೆ ಮಕ್ಕಳು ಪಿಟ್ಟೆನ್ನದೆ ನೋಡುತ್ತಾರೆ. ಮರುದಿನ ಕೇಳಿದರೆ ಒಬ್ಬರಿಗೂ ನೆನಪಿಲ್ಲ. ಟಿವಿಯನ್ನು ಮೂಲೆಗೆ ಸರಿಸಿಬಿಡಲೇ?"

ಬೇಡ ಟೀಚರೇ, ಸರಿಸಬೇಡಿ. ಆ ವಿಡಿಯೊ ಪ್ರಶ್ನೆಯನ್ನೂ ತಾನೇ ಕೇಳಿ ಉತ್ತರವನ್ನೂ ತಾನೇ ಹೇಳಿ ಮುಗಿಸುತ್ತದೆ. ಮಕ್ಕಳಿಗೆ ಮಾಡಲು ಏನು ಉಳಿಯಿತು?

ಕಳೆದ ಮಳೆಗಾಲದಲ್ಲಿ ಉಡುಪಿ ಕಡೆಯ ಒಂದು ತರಗತಿಯಲ್ಲಿ ಕೂತಿದ್ದೆ. ಮಲ್ಪೆಯೆದುರು ಸಮುದ್ರದಲ್ಲಿರುವ ಸೈಂಟ್ ಮೇರೀಸ್ ದ್ವೀಪಕ್ಕೆ ಮಳೆಗಾಲದಲ್ಲಿ ದೋಣಿ ಇಲ್ಲ. ಮಾಸ್ಟ್ರು ಅಲ್ಲಿನ ಕಲ್ಲುಕಂಬಗಳ ವಿಡಿಯೊ ಹಾಕಿ, ಧ್ವನಿ ಬಂದ್ ಮಾಡಿ, ಅರ್ಧ ನಿಮಿಷಕ್ಕೇ ನಿಲ್ಲಿಸಿದರು. "ಇದನ್ನು ಕೆತ್ತಿದ್ದು ಯಾರು?" ಆಚಾರಿ ಎಂದ ಒಬ್ಬ. ಸಮುದ್ರ ಎಂದ ಇನ್ನೊಬ್ಬ. ಹಿಂದಿನ ಬೆಂಚಿನ ಹುಡುಗಿ ಟಿವಿ ಹತ್ತಿರ ಹೋಗಿ, ಬೆರಳಿಟ್ಟು ಬದಿಗಳನ್ನು ಎಣಿಸಿದಳು. ಐದು, ಆರು, ಮತ್ತೆ ಆರು. "ಬೇಸಗೆಯಲ್ಲಿ ನಮ್ಮ ಗದ್ದೆಯ ಕೆಸರೂ ಹೀಗೇ ಒಡೆಯುತ್ತದೆ ಮಾಸ್ಟ್ರೇ" ಎಂದಳು. ಪಾಠ ಶುರುವಾದದ್ದೇ ಅಲ್ಲಿ. ಕೆಸರು ಒಣಗಿ ಕುಗ್ಗುತ್ತದೆ, ಲಾವಾ ತಣಿದು ಕುಗ್ಗುತ್ತದೆ, ಕುಗ್ಗಿದ್ದು ಬಿರಿಯುತ್ತದೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರಾಗುವ ಕಾಲಕ್ಕೆ ಉಕ್ಕಿದ ಲಾವಾ ಇದು ಎಂದು ಮಾಸ್ಟ್ರು ಹೇಳುವಾಗ ತರಗತಿಯೆಲ್ಲ ಕಿವಿಯಾಗಿತ್ತು. ಉಳಿದ ವಿಡಿಯೊ ಹಾಕಿದ್ದು ಆಮೇಲೆ.

ನಮ್ಮ ಮಳೆಗೆ ಕರೆಂಟೂ ನೆಟ್ಟೂ ನೆಚ್ಚುವಂಥದ್ದಲ್ಲ, ಬೇಕಾದ್ದನ್ನು ಹಿಂದಿನ ದಿನವೇ ಇಳಿಸಿಟ್ಟುಕೊಳ್ಳಿ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಸರಕಾರದ ಕಲಿಕಾ ಜಾಲತಾಣ 'ದೀಕ್ಷಾ'ದಲ್ಲಿ ಪಾಠದ ಸಾಮಗ್ರಿ ಸಿಗುತ್ತದೆ. ವಿಜ್ಞಾನದ ಪ್ರಯೋಗಗಳನ್ನು ಪರದೆಯ ಮೇಲೆಯೇ ಮಾಡಿನೋಡುವ, ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ಜಾಲತಾಣ 'ಫೆಟ್' (PhET) ಉಚಿತ, ಕನ್ನಡದಲ್ಲೂ ಇದೆ. ಅದರಲ್ಲಿ ಬ್ಯಾಟರಿ, ವಯರು, ಬಲ್ಬು ಜೋಡಿಸುವ ಪ್ರಯೋಗವನ್ನು ನೀವು ಮಾಡಿ ತೋರಿಸಬೇಡಿ, ಮೌಸನ್ನು ಮಕ್ಕಳ ಕೈಗೇ ಕೊಡಿ. ತಪ್ಪು ಜೋಡಿಸಲಿ, ಬಲ್ಬು ಉರಿಯದಿರಲಿ. ಯಾಕೆ ಉರಿಯಲಿಲ್ಲ ಎಂದು ಅವರವರೇ ಜಗಳಾಡಿಕೊಳ್ಳುವ ಐದು ನಿಮಿಷವನ್ನು ದಯವಿಟ್ಟು ತಡೆಯಬೇಡಿ.

ಇನ್ನೊಂದು ನನ್ನ ಆಸೆ. ನಿಮ್ಮ ಮಕ್ಕಳಲ್ಲಿ ಹಲವರ ಅಮ್ಮಂದಿರು ಬಂದರಿನಲ್ಲಿ ಮೀನು ವಿಂಗಡಿಸುವವರಿರಬಹುದು. ಬೂತಾಯಿ ಯಾವುದು, ಬಂಗುಡೆ ಯಾವುದು, ತಾಜಾ ಎಂದು ಗೊತ್ತಾಗುವುದು ಹೇಗೆ ಎಂದು ಅವರು ತುಳುವಿನಲ್ಲೇ ಹೇಳಲಿ, ಮಕ್ಕಳು ಮನೆಯ ಫೋನಿನಲ್ಲಿ ಅದನ್ನು ರೆಕಾರ್ಡ್ ಮಾಡಿ ತರಲಿ. ವಿಜ್ಞಾನದ ಪಿರಿಯಡ್‌ನಲ್ಲಿ ಅದೇ ಟಿವಿಯಲ್ಲಿ ಹಾಕಿ. ತನ್ನ ಅಮ್ಮನ ಮುಖ ಶಾಲೆಯ ಟಿವಿಯಲ್ಲಿ ಕಂಡ ಮಗು ಏನೆಂದಿತು ಎಂದು ನನಗೆ ಬರೆಯಿರಿ.