ಹೇಳದೇ ಹೋಗಿಬಿಡ್ಲಾ ಅಂತ ಕೇಳಿದ್ದೀಯಲ್ಲ

ತಮ್ಮಾ,

ನಿನ್ನ ಪತ್ರ ಸಿಕ್ಕಿತು. ಹಾಸನದಿಂದ ಜರ್ಮನಿಯ ಆಖೆನ್‌ಗೆ ಒಂದು ಸೆಮಿಸ್ಟರ್ ಓದಲು ಬಂದವನು ಫೆಬ್ರವರಿ ಕೊನೆಗೆ ವಾಪಸ್ ಹೊರಟಿದ್ದೀಯ. ಕಾಗದಪತ್ರ ಏನೇನು ಮುಗಿಸಬೇಕು, ಪ್ರೊಫೆಸರ್‌ಗೆ ಏನು ಕೊಡಬೇಕು, ನಿಮ್ಮಮ್ಮ ಕಳಿಸಿದ ಕುಕ್ಕರ್ ಏನು ಮಾಡಬೇಕು ಅಂತ ಕೇಳಿದ್ದೀಯ. ಕೊನೆಗೆ ಇನ್ನೊಂದು ಸಾಲು: "ಅಕ್ಕಾ, ಎಲ್ರಿಗೂ ವಿದಾಯ ಹೇಳೋಕೆ ನನ್ನ ಕೈಲಿ ಆಗಲ್ಲ, ಅಳು ಬಂದುಬಿಡುತ್ತೆ. ಹೇಳದೇ ಹೋಗಿಬಿಡ್ಲಾ? ಆಮೇಲೆ ಮೆಸೇಜ್ ಹಾಕಿದ್ರೆ ಸಾಕಲ್ವಾ?"

ಆ ಸಾಲನ್ನು ಮೂರು ಸಲ ಓದಿದೆ. ಹದಿನೈದು ವರ್ಷಕ್ಕೂ ಹಿಂದೆ ನಾನೂ ಹಾಗೇ ಮಾಡಿದವಳು. ಅದನ್ನೇ ಜಾಸ್ತಿ ಬರೆಯುತ್ತೇನೆ, ಮಿಕ್ಕಿದ್ದನ್ನು ಬೇಗ ಮುಗಿಸುತ್ತೇನೆ.

ಬಂದಾಗ ಆನ್‌ಮೆಲ್ಡುಂಗ್, ಅಂದರೆ ಊರಿನ ಕಚೇರಿಯಲ್ಲಿ ವಿಳಾಸದ ನೋಂದಣಿ, ಮಾಡಿಸಿದ್ದೆಯಲ್ಲ, ಹೋಗುವಾಗ ಆಬ್‌ಮೆಲ್ಡುಂಗ್, ಅಂದರೆ ಆ ನೋಂದಣಿಯ ರದ್ದತಿ, ಮಾಡಿಸಬೇಕು. ರೂಮು ಬಿಡುವ ದಿನಕ್ಕೆ ಒಂದು ವಾರ ಮುಂಚೆಯಿಂದ, ಬಿಟ್ಟ ಮೇಲೆ ಎರಡು ವಾರದ ಒಳಗೆ ಮಾಡಿಸಬಹುದು. ನೀನು ಇಲ್ಲಿರುವಾಗಲೇ ಮಾಡಿಸಿಬಿಡು. ಅವರು ಕೊಡುವ ಕಾಗದ ಜೋಪಾನ. ತಿಂಗಳಿಗೆ 18.36 ಯೂರೋ ರೇಡಿಯೋ-ಟಿವಿ ಶುಲ್ಕ ನಿನ್ನ ಹೆಸರಲ್ಲಿದ್ದರೆ ಅದನ್ನು ನಿಲ್ಲಿಸಲು ಆ ಕಾಗದ ಬೇಕು. ಬ್ಯಾಂಕ್ ಖಾತೆಯನ್ನು ಮಾತ್ರ ಆತುರಪಟ್ಟು ಮುಚ್ಚಬೇಡ. ರೂಮಿನ ಅಡ್ವಾನ್ಸ್ ಹಣ ವಾಪಸ್ ಬರಲು ಕೆಲವು ಸಲ ತಿಂಗಳುಗಟ್ಟಲೆ ಹಿಡಿಯುತ್ತದೆ. ಬೀಗದ ಕೈ ಕೊಡುವ ಮುಂಚೆ ಗೋಡೆ, ನೆಲ, ಒಲೆ, ಬಾತ್‌ರೂಮು ಎಲ್ಲದರ ಫೋಟೋ ತೆಗೆದಿಟ್ಟುಕೋ. ಹೆಲ್ತ್ ಇನ್ಶೂರೆನ್ಸ್‌ನವರಿಗೂ ಫೋನ್ ಕಂಪನಿಗೂ ಬರೆದು ತಿಳಿಸು. ವೀಸಾಗೆ ಅಂತ ಹಣ ಇಟ್ಟ ಬ್ಲಾಕ್ಡ್ ಅಕೌಂಟ್ ವಿಷಯ ನಿನ್ನ ಬ್ಯಾಂಕಿನವರನ್ನೇ ಕೇಳು. ಅಂಕಪಟ್ಟಿ ನೀನು ಹೊರಡುವುದರೊಳಗೆ ಕೈಗೆ ಸಿಗುವುದು ಅನುಮಾನ. ಊರಿಂದ ಯಾರಿಗೆ ಇಮೇಲ್ ಮಾಡಬೇಕು ಅಂತ ಈಗಲೇ ಕೇಳಿ ಬರೆದಿಟ್ಟುಕೋ.

ಪ್ರೊಫೆಸರ್‌ಗೆ ಬೆಲೆಬಾಳುವುದು ಏನೂ ಬೇಡ. ಸರ್ಕಾರಿ ವಿಶ್ವವಿದ್ಯಾಲಯದವರು ಉಡುಗೊರೆ ತೆಗೆದುಕೊಳ್ಳುವ ವಿಷಯದಲ್ಲಿ ಇಲ್ಲಿ ಕಟ್ಟುನಿಟ್ಟು. ಕೈಯಲ್ಲಿ ಬರೆದ ಒಂದು ಕಾರ್ಡ್ ಸಾಕು. ಅವರ ಪಾಠದಲ್ಲಿ ನಿನಗೆ ನಿಜವಾಗಿ ಹಿಡಿಸಿದ್ದು ಯಾವುದೋ ಅದನ್ನು ಎರಡು ಸಾಲು ಬರೆ. ಹೋಗಿ ಕೈಕುಲುಕಿ ಕೊಟ್ಟು ಬಾ.

ಈಗ ನಿನ್ನ ಕೊನೆಯ ಪ್ರಶ್ನೆಗೆ ಬರುತ್ತೇನೆ.

ನಾನು 2009ರ ಅಕ್ಟೋಬರ್‌ನಲ್ಲಿ ದಾವಣಗೆರೆಯಿಂದ ಡ್ರೆಸ್ಡೆನ್‌ಗೆ ಬಂದೆ. ನಿನ್ನ ಹಾಗೇ ಒಂದು ಸೆಮಿಸ್ಟರ್‌ಗೆ. ಹಾಸ್ಟೆಲ್ ಸಿಗದೆ ಒಂದು ಹಳೇ ಕಟ್ಟಡದ ಮೂರನೇ ಮಹಡಿಯಲ್ಲಿ ರೂಮು ಹಿಡಿದಿದ್ದೆ. ಲಿಫ್ಟ್ ಇರಲಿಲ್ಲ. ಬಂದು ಇಳಿದಿದ್ದು ಶನಿವಾರ ರಾತ್ರಿ. ಭಾನುವಾರ ಇಲ್ಲಿ ಅಂಗಡಿ ತೆರೆಯುವುದಿಲ್ಲ ಅಂತ ನನಗೆ ಯಾರೂ ಹೇಳಿರಲಿಲ್ಲ. ಬೆಳಗ್ಗೆ ಚೀಲ ಹಿಡಿದು ಒಂದು ಗಂಟೆ ಅಲೆದು, ಖಾಲಿ ಚೀಲದಲ್ಲೇ ಮೆಟ್ಟಿಲು ಹತ್ತಿ ಬಂದೆ. ಎದುರು ಬಾಗಿಲಿನ ಅಜ್ಜಿ ಕಸದ ಬಕೆಟ್ ಹಿಡಿದು ನಿಂತಿದ್ದರು. ನನ್ನ ಮುಖ ನೋಡಿದರು, ಚೀಲ ನೋಡಿದರು. ಏನೂ ಕೇಳಲಿಲ್ಲ. ಹತ್ತು ನಿಮಿಷಕ್ಕೆ ಬೆಲ್ ಆಯಿತು. ಅರ್ಧ ಬ್ರೆಡ್ಡು, ಒಂದು ತುಂಡು ಬೆಣ್ಣೆ, ನಾಲ್ಕು ಮೊಟ್ಟೆ. ಮೊಟ್ಟೆ ತಿನ್ನದವಳು ನಾನು, ಅವತ್ತು ತಿಂದೆ.

ಅವರನ್ನು ಬಾಯಲ್ಲಿ ಫ್ರಾವ್, ಅಂದರೆ ಶ್ರೀಮತಿ, ಅಂತ ಮನೆತನದ ಹೆಸರು ಸೇರಿಸಿ ಕರೆಯುತ್ತಿದ್ದೆ. ಮನಸ್ಸಿನಲ್ಲಿ ಅಜ್ಜಿ ಅಂತಲೇ ಇತ್ತು.

ಡಿಸೆಂಬರ್‌ನಲ್ಲಿ ಒಂದು ದಿನ ಅವರು ದುಂಡನೆಯ ತಗಡಿನ ಡಬ್ಬಿ ತಂದುಕೊಟ್ಟರು. ಮುಚ್ಚಳದ ಮೇಲೆ ಹಿಮ ಬಿದ್ದ ಫ್ರಾವೆನ್‌ಕಿರ್ಷೆ ಚರ್ಚಿನ ಚಿತ್ರ. ಒಳಗೆ ಅವರೇ ಮಾಡಿದ ಕ್ರಿಸ್ಮಸ್ ಬಿಸ್ಕತ್ತು. ನಕ್ಷತ್ರದ ಆಕಾರದ ದಾಲ್ಚಿನ್ನಿ ಬಿಸ್ಕತ್ತು ಒಂದು ಸಾಲು, ಅರ್ಧಚಂದ್ರದ ಹಾಗಿರುವ ವೆನಿಲ್ಲಾ ಬಿಸ್ಕತ್ತು ಒಂದು ಸಾಲು. ಆ ಅರ್ಧಚಂದ್ರ ನೋಡಿ ನನಗೆ ಕರ್ಜಿಕಾಯಿ ನೆನಪಾಯಿತು. ಎರಡೇ ದಿನದಲ್ಲಿ ಡಬ್ಬಿ ಖಾಲಿಯಾಯಿತು.

ತೊಳೆದು ಒರೆಸಿ ಇಟ್ಟೆ. ನಿನಗೆ ಗೊತ್ತಲ್ಲ, ಒಬ್ಬರ ಮನೆ ಡಬ್ಬಿ ಖಾಲಿ ಕೊಡುವ ಹಾಗಿಲ್ಲ. ಏನು ಹಾಕಿ ಕೊಡೋದು? ನನಗೆ ಅನ್ನ, ಸಾರು, ಪಲ್ಯ ಬಿಟ್ಟು ಬೇರೆ ಬರುತ್ತಿರಲಿಲ್ಲ. ಅಷ್ಟು ಚೆನ್ನಾಗಿ ಮಾಡಿ ಕೊಟ್ಟವರಿಗೆ ಏನೇನೋ ಕೊಡಲು ಮನಸ್ಸು ಒಪ್ಪಲಿಲ್ಲ. ಬೆಂಗಳೂರಿಂದ ಗುರುತಿನವರು ಯಾರೋ ಬರುತ್ತಾರೆ, ಅವರ ಕೈಲಿ ಅಮ್ಮ ಕೊಡುಬಳೆ ಕಳಿಸುತ್ತಾರೆ ಅಂತ ಕಾದೆ. ಅವರು ಬರಲಿಲ್ಲ. ಜನವರಿ ಹೋಯಿತು. ಪರೀಕ್ಷೆ ಬಂತು.

ಫೆಬ್ರವರಿ 13ರ ರಾತ್ರಿ ಓದುತ್ತಾ ಕೂತಿದ್ದೆ. ಒಂಬತ್ತೂ ಮುಕ್ಕಾಲಿಗೆ ಊರಿನ ಚರ್ಚುಗಳ ಗಂಟೆಗಳೆಲ್ಲ ಒಟ್ಟಿಗೆ ಹೊಡೆಯಲು ಶುರುವಾದವು. ಏನಾಯಿತೋ ಅಂತ ಬಾಗಿಲು ತೆಗೆದೆ. ಮೆಟ್ಟಿಲ ಕಿಟಕಿಯ ಹತ್ತಿರ ದೀಪ ಹಾಕದೆ ಅಜ್ಜಿ ನಿಂತಿದ್ದರು. ಹೊರಗೆ ಹಿಮ. ನನ್ನನ್ನು ನೋಡಿ ಒಂದು ಕೈಯಲ್ಲಿ ಐದು ಬೆರಳು, ಇನ್ನೊಂದರಲ್ಲಿ ಎರಡು ಎತ್ತಿ ತೋರಿಸಿದರು. "ಜೀಬೆನ್" ಅಂದರು. ಏಳು. 1945ರಲ್ಲಿ ಇದೇ ರಾತ್ರಿ, ಇದೇ ಹೊತ್ತಿಗೆ ಸೈರನ್ ಕೂಗಿ, ಸ್ವಲ್ಪ ಹೊತ್ತಿಗೆ ಈ ಊರಿನ ಮೇಲೆ ಬಾಂಬು ಬಿತ್ತು. ಹಳೇ ಪೇಟೆ ಹೆಚ್ಚುಕಡಿಮೆ ಪೂರ್ತಿ ಸುಟ್ಟುಹೋಯಿತು. ಎರಡು ದಿನ ಕಳೆದ ಮೇಲೆ ಡಬ್ಬಿಯ ಮೇಲಿದ್ದ ಆ ದೊಡ್ಡ ಚರ್ಚೂ ಕುಸಿದು ಬಿತ್ತು. ಅದನ್ನು ಮತ್ತೆ ಕಟ್ಟಿ ಮುಗಿಸಿದ್ದು 2005ರಲ್ಲಿ. ಬಾಂಬು ಬಿದ್ದಾಗ ಅಜ್ಜಿಗೆ ಏಳು ವರ್ಷ. ಗಂಟೆ ನಿಲ್ಲುವವರೆಗೆ ನಾನೂ ಪಕ್ಕದಲ್ಲಿ ನಿಂತೆ. ಮಾತಾಡಲು ನನ್ನ ಹತ್ತಿರ ಅಷ್ಟು ಜರ್ಮನ್ ಇರಲಿಲ್ಲ. ಗಂಟೆ ನಿಂತ ಮೇಲೆ ಅವರು ನನ್ನ ಕೈ ತಟ್ಟಿ, "ಓದು ಹೋಗು" ಅನ್ನುವ ಹಾಗೆ ನನ್ನ ಬಾಗಿಲು ತೋರಿಸಿ ಒಳಗೆ ಹೋದರು.

ಇಷ್ಟಾದ ಮೇಲೂ ನಾನು ಹೇಳದೇ ಬಂದೆ, ತಮ್ಮಾ.

ಹೊರಡುವ ಒಂದು ವಾರ ಮುಂಚೆ ಮೆಟ್ಟಿಲ ಮೇಲೆ ಸಿಕ್ಕಿ, "ಯಾವತ್ತು ಪ್ರಯಾಣ?" ಅಂತ ಕೇಳಿದರು. "ಇನ್ನೂ ದಿನ ಇದೆ, ಹೇಳಿಯೇ ಹೋಗ್ತೀನಿ" ಅಂದೆ. ಆ ವಾರ ಪೂರ್ತಿ ಕಚೇರಿ, ಬ್ಯಾಂಕು, ಪ್ಯಾಕಿಂಗು. ರವೆ ತಂದು ಉಂಡೆ ಕಟ್ಟಲು ಕೂತೆ, ಪಾಕ ಕೆಟ್ಟಿತು. ಹೊರಡುವ ಹಿಂದಿನ ಸಂಜೆ ಡಬ್ಬಿ ಕೈಯಲ್ಲಿ ಹಿಡಿದು ಎರಡು ಸಲ ಅವರ ಬಾಗಿಲವರೆಗೆ ಹೋದೆ. ಒಳಗೆ ರೇಡಿಯೋ ಕೇಳಿಸುತ್ತಿತ್ತು. ಖಾಲಿ ಡಬ್ಬಿ ಹೇಗೆ ಕೊಡಲಿ ಅನ್ನುವುದು ನೆಪ. ಅವರ ಮುಂದೆ ನಿಂತರೆ ಅಳುತ್ತೇನೆ ಅನ್ನುವುದು ನಿಜ. ಬೆಳಗ್ಗೆ ಐದು ಗಂಟೆಗೆ ಅವರ ಬಾಗಿಲ ಕೆಳಗೆ ಬೆಳಕಿರಲಿಲ್ಲ. ಮಲಗಿದ್ದಾರೆ, ಎಬ್ಬಿಸಬಾರದು ಅಂದುಕೊಂಡೆ. ಖಾಲಿ ಡಬ್ಬಿಯನ್ನು ಬಾಗಿಲ ಮುಂದೆ ಇಡಲು ಕೈ ಬರಲಿಲ್ಲ. ಸೂಟ್‌ಕೇಸಿಗೆ ತುರುಕಿದೆ. ಬೀಗದ ಕೈಯನ್ನು ಕೆಳಗೆ ಕಟ್ಟಡ ನೋಡಿಕೊಳ್ಳುವ ಹೌಸ್‌ಮೈಸ್ಟರ್ ಅಂಚೆಪೆಟ್ಟಿಗೆಗೆ ಹಾಕಿ ಟ್ರಾಮ್ ಹತ್ತಿದೆ.

ದಾವಣಗೆರೆಯಲ್ಲಿ ಸೂಟ್‌ಕೇಸ್ ಬಿಚ್ಚುವಾಗ ಅಮ್ಮ ಡಬ್ಬಿ ನೋಡಿದರು. ಎಲ್ಲ ಹೇಳಿದೆ. ಬೈಯಲಿಲ್ಲ. "ಒಂದು ಹಿಡಿ ಸಕ್ಕರೆ ಹಾಕಿ ಕೊಟ್ಟಿದ್ರೂ ಆಗ್ತಿತ್ತಲ್ಲೇ" ಅಂದರು, ಅಷ್ಟೇ. ಡಬ್ಬಿಯನ್ನು ಅಟ್ಟದ ಮೇಲಿಟ್ಟರು. ಎರಡೂವರೆ ವರ್ಷ ಅದರಲ್ಲಿ ಏನನ್ನೂ ಹಾಕಲಿಲ್ಲ.

2012ರಲ್ಲಿ ಮಾಸ್ಟರ್ಸ್‌ಗೆ ಅಂತ ನಾನು ಮತ್ತೆ ಇದೇ ಊರಿಗೆ ಹೊರಟಾಗ ಅಮ್ಮ ಅದನ್ನು ಇಳಿಸಿ, ತುಂಬ ಕೊಡುಬಳೆ ಜೋಡಿಸಿ, ಮುಚ್ಚಳದ ಸುತ್ತ ಟೇಪ್ ಸುತ್ತಿ ಕೊಟ್ಟರು. ಬಂದ ಮೂರನೇ ದಿನ ಹೋದೆ. ಇಲ್ಲಿ ಬೀದಿ ಬಾಗಿಲಲ್ಲಿ ಬೆಲ್ಲಿನ ಪಕ್ಕ ಹೆಸರು ಬರೆದಿರುತ್ತಾರಲ್ಲ. ಮೂರನೇ ಮಹಡಿಯ ಎರಡು ಬೆಲ್ಲಿಗೂ ಬೇರೆ ಹೆಸರು. ಕೆಳಗಿನ ಮನೆಯ ಹೆಂಗಸು ನನ್ನ ಗುರುತು ಹಿಡಿದರು. ಅಜ್ಜಿ ಹಿಂದಿನ ವರ್ಷ ಬೇಸಿಗೆಯಲ್ಲಿ ತೀರಿಕೊಂಡರಂತೆ. ನಾನು ಹೋದ ಮೇಲೆ ಎರಡು ದಿನ ನನ್ನ ಬೆಲ್ ಒತ್ತಿದರಂತೆ. ಹುಡುಗಿಗೆ ಜ್ವರವೋ ಏನೋ, ಎದ್ದು ಬರಲು ಆಗುತ್ತಿಲ್ಲ ಅಂತ ಹೆದರಿ ಹೌಸ್‌ಮೈಸ್ಟರ್ ಹತ್ತಿರ ಓಡಿ ಹೋದರಂತೆ. ಅವನು ಬೀಗದ ಕೈ ತೋರಿಸಿದ. "ಓ, ಹೊರಟುಹೋದಳಾ" ಅಂದು ನಿಧಾನವಾಗಿ ಮೆಟ್ಟಿಲು ಹತ್ತಿ ಹೋದರಂತೆ.

ಆ ಕೊಡುಬಳೆ ಎರಡು ತಿಂಗಳು ಹಾಗೇ ಇತ್ತು. ತಿನ್ನಲೂ ಆಗಲಿಲ್ಲ, ಎಸೆಯಲೂ ಆಗಲಿಲ್ಲ.

ಈಗ ನನಗೆ ಇಲ್ಲಿ ಒಳ್ಳೇ ಕೆಲಸ ಇದೆ. ಈ ಊರಲ್ಲಿ ಚಿಪ್ ಕಾರ್ಖಾನೆಗಳು ಜಾಸ್ತಿ, ಅದರಲ್ಲೇ ಇದ್ದೇನೆ. ಮನೆ ಮಾಡಿದ್ದೇನೆ, ಮಗಳು ಇಲ್ಲಿನ ಶಾಲೆಗೆ ಹೋಗುತ್ತಾಳೆ. ದಾವಣಗೆರೆಯ ಹುಡುಗಿ ಇಷ್ಟು ಮಾಡಿದಳು ಅಂತ ಹೆಮ್ಮೆಯೂ ಇದೆ. ಆದರೆ ಪ್ರತಿ ವರ್ಷ ಫೆಬ್ರವರಿ 13ಕ್ಕೆ ಗಂಟೆ ಹೊಡೆದಾಗ ನಾನು ಆ ಮೆಟ್ಟಿಲ ಕಿಟಕಿಯ ಹತ್ತಿರವೇ ಇರುತ್ತೇನೆ.

ಮೆಸೇಜ್ ಹಾಕಿದರೆ ಸಾಕಲ್ವಾ ಅಂತ ಕೇಳಿದೆ. ನಿನ್ನ ವಯಸ್ಸಿನ ಗೆಳೆಯರಿಗೆ ಸಾಕಾಗಬಹುದು. ಆದರೆ ಅಜ್ಜಿಯ ಫೋನ್ ನಂಬರ್ ನನ್ನ ಹತ್ತಿರ ಇರಲೇ ಇಲ್ಲ. ಎದುರು ಬಾಗಿಲಿನವರ ನಂಬರ್ ಯಾರು ಇಟ್ಟುಕೊಳ್ಳುತ್ತಾರೆ? ನಿನಗೂ ಅಂಥವರು ಇದ್ದೇ ಇರುತ್ತಾರೆ. ಯೂನಿವರ್ಸಿಟಿ ಕ್ಯಾಂಟೀನ್ ಮೆನ್ಸಾದಲ್ಲಿ ಮಾಂಸ ಇಲ್ಲದ್ದು ಯಾವುದು ಅಂತ ದಿನಾ ತೋರಿಸುವ ಹೆಂಗಸು, ಲೈಬ್ರರಿ ಬಾಗಿಲಲ್ಲಿ ಕೂರುವವರು, ಸೈಕಲ್ ರಿಪೇರಿ ಹೇಳಿಕೊಟ್ಟವನು. ಒಂದು ಚೀಟಿಯಲ್ಲಿ ಬರೆದುಕೋ. ಎಲ್ಲರಿಗೂ ಹೊರಡುವ ತಾರೀಖನ್ನು ಈಗಲೇ ಹೇಳಿಬಿಡು. ಇಲ್ಲಿಯವರು ತಾರೀಖು ಕೇಳಿದರೆ ಸುಮ್ನೆ ಕೇಳುವುದಿಲ್ಲ, ನೆನಪಿಟ್ಟುಕೊಳ್ಳುತ್ತಾರೆ.

ರೂಮ್‌ಮೇಟುಗಳನ್ನು ಊಟಕ್ಕೆ ಕರೆ. ಎರಡು ವಾರ ಮುಂಚೆ ಹೇಳು, ಹಿಂದಿನ ದಿನ ಹೇಳಿದರೆ ಯಾರಿಗೂ ಪುರುಸೊತ್ತು ಇರುವುದಿಲ್ಲ. ಏಳು ಗಂಟೆ ಅಂದರೆ ಏಳಕ್ಕೇ ಬರುತ್ತಾರೆ, ಅಷ್ಟರಲ್ಲಿ ಒಗ್ಗರಣೆ ಮುಗಿದಿರಲಿ. ಚಿತ್ರಾನ್ನ, ಕೇಸರಿಬಾತ್ ಸಾಕು. ರವೆ ಇಲ್ಲಿನ ಅಂಗಡಿಯಲ್ಲೇ ವೈಟ್ಸೆನ್‌ಗ್ರೀಸ್ ಅಂತ ಸಿಗುತ್ತದೆ. ಮೆಣಸಿನಕಾಯಿ ಅರ್ಧ ಹಾಕು.

ಇನ್ನೊಂದು ಮಾತು. ಮುಂದಿನ ವರ್ಷ ಖಂಡಿತ ಬರ್ತೀನಿ ಅಂತ ಯಾರಿಗೂ ಹೇಳಬೇಡ, ನಿನಗೇ ಗೊತ್ತಿಲ್ಲದಿದ್ದರೆ. ಅವರು ನಂಬುತ್ತಾರೆ. ಬರೀ "ಹೋಗ್ತೀನಿ" ಅನ್ನಲು ನಮ್ಮ ಬಾಯಿ ಬರುವುದಿಲ್ಲ, ನಿಜ. ಅದಕ್ಕೆ "ಔಫ್ ವೀಡರ್‌ಜೇಹೆನ್" ಅನ್ನು. ಮತ್ತೆ ಕಾಣೋಣ ಅಂತಲೇ ಅದರ ಅರ್ಥ, ನಮ್ಮ "ಹೋಗಿ ಬರ್ತೀನಿ"ಗೆ ಹತ್ತಿರ. ದಿನಾ ಅನ್ನುವ "ಚೂಸ್" ಅವತ್ತು ಬೇಡ. ಅಳು ಬಂದರೆ ಅತ್ತುಬಿಡು. ಯಾರೂ ತಪ್ಪು ತಿಳಿಯುವುದಿಲ್ಲ.

ಕುಕ್ಕರ್ ವಿಷಯ ಮರೆತೇ ಬಿಟ್ಟಿದ್ದೆ. ಹೊತ್ತುಕೊಂಡು ಹೋಗಬೇಡ, ತೂಕ ಜಾಸ್ತಿ. ಏಪ್ರಿಲ್‌ನಲ್ಲಿ ಹೊಸ ಸೆಮಿಸ್ಟರ್‌ಗೆ ನಮ್ಮ ಕಡೆಯ ಮಕ್ಕಳು ಯಾರಾದರೂ ಬರುತ್ತಾರೆ, ಅವರಿಗೆ ಇಟ್ಟು ಹೋಗು. ನಿಮ್ಮಮ್ಮ ಕೊಟ್ಟ ಹೆಚ್ಚಿನ ಗ್ಯಾಸ್ಕೆಟ್ ಇದ್ದರೆ ಅದನ್ನೂ ಜೊತೆಗಿಡು, ಇಲ್ಲಿ ಹುಡುಕುವುದು ಕಷ್ಟ. ಒಳಗೆ ಒಂದು ಹಿಡಿ ಅಕ್ಕಿ ಹಾಕಿ ಕೊಡು.

ನಿನ್ನ ಅಕ್ಕ,
ಡ್ರೆಸ್ಡೆನ್